ಗದ್ದದ ಕೆಳಗಿನ ಗೆರೆ

ನಮ್ಮ ಹೊಲಿಗೆ ಮಶಿನ್ನಿನ ಸಂದಿಯ ಧೂಳು ತೆಗೆಯಲು ನಾನು ಇಟ್ಟುಕೊಂಡಿರುವುದು ಒಂದು ಗಡ್ಡದ ಬ್ರಷ್ಷು. ಕೂದಲು ಅರ್ಧ ಉದುರಿವೆ. ಕಟ್ಟಿಗೆಯ ಹಿಡಿಕೆ ನೀರು ಕುಡಿದು ಕುಡಿದು ಬಿರುಕು ಬಿಟ್ಟಿದೆ. ಮೊನ್ನೆ ಜಂಪರು ಹೊಲಿಸಲು ಬಂದ ಓಣಿಯ ಹುಡುಗಿಯೊಬ್ಬಳು ಅದನ್ನು ಕೈಗೆತ್ತಿಕೊಂಡು, "ಕಾಕೂ, ಇದು ಕಾಕಾಂದೇನ್ರಿ?" ಎಂದು ನಕ್ಕಳು.

"ಇಲ್ಲವ್ವಾ, ನಂದೇ" ಎಂದೆ.

ಅವಳ ನಗು ಅಲ್ಲೇ ನಿಂತಿತು. ನನ್ನ ಗದ್ದವನ್ನೊಮ್ಮೆ ನೋಡಿದಳು, ಬ್ರಷ್ಷನ್ನೊಮ್ಮೆ ನೋಡಿದಳು, ಮೆಲ್ಲಗೆ ಅದನ್ನು ಕೆಳಗಿಟ್ಟಳು. ಬಡವಿ, ಏನೆಂದುಕೊಂಡು ಹೋದಳೋ. ನೀವೂ ಹಾಗೇ ಎಂದುಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ಒಂದು ಕಾಲದಲ್ಲಿ ಹದಿನೈದು ತಿಂಗಳು ನಾನು ವಾರಕ್ಕೊಮ್ಮೆ ಗಡ್ಡ ಮಾಡಿದ್ದೇನೆ. ನನ್ನದಲ್ಲ, ನನ್ನ ಮಾವನವರದು.

ಬ್ರಷ್ಷು ನಮ್ಮ ಮನೆಗೆ ಬಂದದ್ದು ಉಳಿತಾಯಕ್ಕೆಂದು. ತುರ್ತು ಪರಿಸ್ಥಿತಿ ಮುಗಿದ ಮುಂದಿನ ಬೇಸಿಗೆ ಅದು. ಅಫಜಲಪುರದ ರಸ್ತೆಗೆ ಹತ್ತಿದ ಹಳ್ಳಿಯಲ್ಲಿ ಮಾವನವರಿಗೆ ಲಕ್ವಾ ಹೊಡೆದು ಬಲಗಡೆಯ ಮೈ ಪೂರಾ ಬಿದ್ದುಹೋಯಿತು, ಮಾತು ನಿಂತಿತು. ಅತ್ತೆ ತೀರಿ ಬಹಳ ವರ್ಷವಾಗಿತ್ತು. ದವಾಖಾನೆ ಹತ್ತಿರ ಇರಲೆಂದು ಆಳಂದದ ನಮ್ಮ ಬಾಡಿಗೆ ಮನೆಗೆ ಅವರನ್ನು ಕರೆತಂದೆವು. ನಮ್ಮ ಮನೆಯವರು ತೊಗರಿ ಅಡತಿ ಅಂಗಡಿಯಲ್ಲಿ ತೂಕ ನೋಡುವವರು. ಬೆಳಕು ಹರಿಯುವ ಮುಂಚೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಬರುವ ಪಗಾರದಲ್ಲಿ ಗುಳಿಗೆ, ಸೂಜಿ, ತಿಕ್ಕುವ ಎಣ್ಣೆ. ಇದರ ಮೇಲೆ ಗಡ್ಡ. ಪೇಟೆಯ ಕ್ಷೌರದವನು ಮನೆಗೆ ಬಂದರೆ ಅಂಗಡಿಯ ನಾಲ್ಕು ಪಟ್ಟು ಕೇಳುತ್ತಿದ್ದ, ಮೇಲೊಂದು ಚಹಾ.

ಅವನೂ ಮೂರನೆಯ ಸಲಕ್ಕೆ ಪೆಟ್ಟಿಗೆ ಮುಚ್ಚಿದ. "ಅಕ್ಕೋರ, ನಿಮ್ಮ ರೊಕ್ಕ ಬ್ಯಾಡ್ರಿ, ಇವರ ಗಡ್ಡ ನನ್ನಿಂದ ಆಗಂಗಿಲ್ಲ" ಎಂದ.

"ಯಾಕಪ್ಪಾ?"

"ಗಡ್ಡಾ ಮಾಡಿಸ್ಕೊಳ್ಳೋ ಮನಶ್ಯಾ ಕಣ್ಣು ಮುಚ್ಚಬೇಕ್ರಿ. ಇವರು ಮುಚ್ಚಂಗಿಲ್ಲ. ನನ್ನ ಕೈಯ್ಯನ್ನೇ ನೋಡತಾರ. ಗದ್ದದ ಬುಡಕ ಕೈ ಹೋತಂದ್ರ ಎದಿಯೊಳಗಿಂದ ಒಂದು ದನಿ ತೆಗೀತಾರ. ನನಗ ಅಂಜಿಕಿ ಬರ್ತದ್ರಿ."

ಅದೇ ರಾತ್ರಿ ನಮ್ಮ ಮನೆಯವರು ಪೇಟೆಯಿಂದ ಒಂದು ಬ್ರಷ್ಷು, ಕಬ್ಬಿಣದ ರೇಜರು, ಬಟ್ಟಲಿನ ಸಾಬೂನು, ಹಿಡಿ ಗಾತ್ರದ ಪಟಿಕ ತಂದರು. ಒಂದೇ ಸಲದ ಖರ್ಚು, ಆಮೇಲೆ ತಿಂಗಳಿಗೊಂದು ಬ್ಲೇಡು ಸಾಕು ಎಂದು ಸಂತೋಷಪಟ್ಟರು. ಬ್ಲೇಡು ಮೊಂಡಾದರೆ ಗಾಜಿನ ಗ್ಲಾಸಿನ ಒಳಮೈಗೆ ತಿಕ್ಕಿ ಹರಿತ ಮಾಡುವುದನ್ನು ಯಾರೋ ಅವರಿಗೆ ಹೇಳಿಕೊಟ್ಟಿದ್ದರು. ತೋರಿಸಿದರು. ಕಿರ್ರ್, ಕಿರ್ರ್. ಕತ್ತಲು ಕೋಣೆಯಲ್ಲಿ ಮಲಗಿದ್ದ ಮಾವನವರ ಮಂಚ ಒಮ್ಮೆ ಅಲುಗಿದ ಸಪ್ಪಳ ಕೇಳಿಸಿತು.

ಆದರೆ ಬ್ರಷ್ಷು ಹಿಡಿದು ಅಪ್ಪನ ಮುಂದೆ ಕೂತವರು ನೊರೆ ಹಚ್ಚದೆ ಬಟ್ಟಲನ್ನು ನನ್ನ ಕಡೆ ಸರಿಸಿದರು. "ನನ್ನಿಂದ ಆಗಂಗಿಲ್ಲ ಮಾದೇವಿ. ಅವರು ನೋಡಿದ್ರ ನನಗ ಶಾಲಿ ತಪ್ಪಿಸಿ ಸಿಕ್ಕಿಬಿದ್ದಂಗ ಆಗ್ತದ. ನೀನೇ ಮಾಡು."

ನಾನು ದಂಗಾದೆ. ಏಕೆಂದರೆ ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಮಾವನವರ ಮುಖವನ್ನು ನಾನು ನೆಟ್ಟಗೆ ನೋಡಿರಲಿಲ್ಲ. ನಮ್ಮ ಕಡೆ ಮಾವನ ಮುಂದೆ ಸೊಸೆ ಸೆರಗು ಮೂಗಿನ ತನಕ ಎಳೆದುಕೊಂಡಿರಬೇಕು, ಮಾತಾಡಬಾರದು. ಏನಾದರೂ ಹೇಳುವುದಿದ್ದರೆ ಗೋಡೆಗೆ ಹೇಳಬೇಕು, ಅಥವಾ ಕೂಸಿಗೆ. "ಏ ಕೂಸೇ, ರೊಟ್ಟಿ ತಣ್ಣಗಾಗಾಕತ್ತಾವ ಅಂತ ಮುತ್ಯಾಗ ಹೇಳು." ಕೂಸು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದರೂ ಸರಿ. ಹೀಗಾಗಿ ನನಗೆ ಗೊತ್ತಿದ್ದದ್ದು ಮಾವನವರ ಪಾದಗಳು ಮಾತ್ರ. ಎಡಗಾಲಿನ ಹಿಮ್ಮಡಿಯ ಮೂರು ಸೀಳು, ಬಲ ಹೆಬ್ಬೆರಳಿನ ಸತ್ತ ಉಗುರು. ಜಾತ್ರೆಯ ಜನದಲ್ಲಿ ಅವರು ತಪ್ಪಿಸಿಕೊಂಡಿದ್ದರೆ ನಾನು ನೆಲ ನೋಡಿಕೊಂಡೇ ಹುಡುಕಬೇಕಾಗಿತ್ತು. ಲಕ್ವಾ ಆದಮೇಲೆ ಮೈ ಒರೆಸುವುದು, ಅಂಬಲಿ ಕುಡಿಸುವುದು ಎಲ್ಲ ನನ್ನದೇ ಆಗಿದ್ದರೂ ಸೆರಗಿನ ಸಂದಿಯಿಂದ ಚಮಚ, ಬಾಯಿ ಇಷ್ಟನ್ನೇ ಕಾಣುತ್ತಿದ್ದೆ. ಮುಖ ಎಂಬುದು ಒಟ್ಟಿಗೆ ನನಗೆ ಸಿಕ್ಕಿರಲಿಲ್ಲ. ಮೊಳದುದ್ದ ಸೆರಗು ಎಳೆದುಕೊಂಡು ಇನ್ನೊಬ್ಬರ ಕುತ್ತಿಗೆಗೆ ಬ್ಲೇಡು ಹಿಡಿಯುವುದು ಸಾಧ್ಯವೇ?

ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಶಿವನನ್ನೇ ಕೇಳಿದೆ. ಯಾವ ಕಾಯಕವೂ ಕೀಳಲ್ಲ ಎಂದು ಚಿಕ್ಕಂದಿನಿಂದ ಕೇಳಿದವಳು ನಾನು. ಇನ್ನೊಬ್ಬರಿಗೆ ಹೇಳುವಾಗ ಬಹಳ ಸಲೀಸಾಗಿ ಬರುವ ಮಾತು ಅದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ.

ಕಲಿತದ್ದು ಗಂಡನ ಮೇಲೆ. ಮೊದಲ ಸಲ ಗದ್ದದಲ್ಲಿ ಮೂರು ಕಡೆ ಕಾಗದದ ಚೂರು ಅಂಟಿಸಿಕೊಂಡು ಅಂಗಡಿಗೆ ಹೋದರು. "ಯಾರ ಜೋಡಿ ಜಗಳಾ ಆತು?" ಎಂದು ಹಮಾಲರು ಕೇಳಿದರಂತೆ. ನಾಲ್ಕನೆಯ ಸಲಕ್ಕೆ ರಕ್ತ ಬರಲಿಲ್ಲ. ಬಿಸಿನೀರಿನ ಬಟ್ಟೆ ಹೊದಿಸಿ ಕೂದಲು ಮೆತ್ತಗೆ ಮಾಡಬೇಕು, ಬ್ರಷ್ಷನ್ನು ಒತ್ತದೆ ತಿರುಗಿಸಬೇಕು, ರೇಜರನ್ನು ತನ್ನ ಭಾರಕ್ಕೆ ತಾನೇ ಇಳಿಯಲು ಬಿಡಬೇಕು. ರೊಟ್ಟಿಗೆ ನೀರು ಸವರಿದ ಹಾಗೆ, ಅಷ್ಟೇ. ಸೋಮವಾರ ಶಿವನ ವಾರ, ಕತ್ತಿ ಮುಟ್ಟುವಂತಿಲ್ಲ. ಅಮಾವಾಸ್ಯೆ ಇಲ್ಲ. ರವಿವಾರ ಎಂದು ಗೊತ್ತುಮಾಡಿಕೊಂಡೆ.

ಮಾವನವರು ಕೆನ್ನೆ ಬೋಳಿಸಿ ಗದ್ದದ ಕೆಳಗೆ ಗಂಟಲು ಮುಚ್ಚುವಷ್ಟು ದಾಡಿ ಬಿಟ್ಟವರು. ಮೊದಲ ರವಿವಾರಗಳಲ್ಲಿ ನಾನೂ ಕೆನ್ನೆಯಷ್ಟೇ ಮಾಡಿದೆ. ಕ್ಷೌರದವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವರು ಕಣ್ಣು ಮುಚ್ಚುತ್ತಿರಲಿಲ್ಲ. ಬಲಗಣ್ಣು ಸತ್ತ ಕಡೆಯದು, ಅದು ರೆಪ್ಪೆ ಬಡಿಯದೆ ಜಂತಿ ನೋಡುತ್ತಿತ್ತು. ಎಡಗಣ್ಣು ರೇಜರಿನ ಹಿಂದೆ ಹಿಂದೆಯೇ ಬರುತ್ತಿತ್ತು. ಒಂದೇ ಮುಖದಲ್ಲಿ ಇಬ್ಬರು ಇದ್ದ ಹಾಗೆ.

ಆಮೇಲೆ ಒಂದು ದಿನ ಇರುವೆ ಬಂದವು. ಕುಡಿಸಿದ ಅಂಬಲಿ ಬಾಯಿಯ ಬಿದ್ದ ತುದಿಯಿಂದ ಸೋರಿ ದಾಡಿಯಲ್ಲಿ ಒಣಗುತ್ತಿತ್ತು. ಎಷ್ಟು ಒರೆಸಿದರೂ ಬುಡದಲ್ಲಿ ಉಳಿಯುತ್ತಿತ್ತು. ಮಧ್ಯಾಹ್ನ ನೋಡುತ್ತೇನೆ, ಗೋಡೆಯಿಂದ ಮಂಚದ ಕಾಲು ಹತ್ತಿ, ಕೌದಿಯ ಮೇಲೆ ಹಾದು, ಕರಿ ದಾರದಂತೆ ಒಂದು ಸಾಲು ಅವರ ದಾಡಿಯೊಳಗೆ ಹೋಗುತ್ತಿದೆ. ಇನ್ನೊಂದು ಸಾಲು ಹೊರಗೆ ಬರುತ್ತಿದೆ. ಮಾವನವರು ಜಂತಿ ನೋಡುತ್ತಲೇ ಇದ್ದಾರೆ, ಹೇಳಲು ಬಾಯಿಲ್ಲ. ಒದ್ದೆ ಬಟ್ಟೆ ತಂದು ಒಂದೊಂದೇ ಒರೆಸಿ ತೆಗೆದೆ.

"ಆ ದಾಡಿ ತೆಗೆದುಬಿಡು" ಎಂದರು ನಮ್ಮ ಮನೆಯವರು. "ದಾಡಿ ಇಟ್ಕೊಂಡು ಅವರೇನು ಮದುವಿಗಿ ಹೋಗಬೇಕಾಗೇದೇನು?"

ರವಿವಾರ ಬಂತು. ಆಳಂದದ ಬೇಸಿಗೆಯ ನಡುಮಧ್ಯಾಹ್ನ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿಗಿಂತ ಆಗಲೇ ಊರು ಹೆಚ್ಚು ಸತ್ತಿರುತ್ತದೆ. ನಾಯಿಗಳು ಗಟಾರಿನಲ್ಲಿ, ಜನ ಬಾಗಿಲ ಹಿಂದೆ. ಬಿಸಿಲಿಗೇ ಒಂದು ಸಪ್ಪಳ ಇದ್ದ ಹಾಗೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಕತ್ತರಿಯಿಂದ ದಾಡಿ ಕತ್ತರಿಸಿ, ಬಟ್ಟೆ ಹೊದಿಸಿ, ನೊರೆ ತಿರುಗಿಸಿದೆ. ಅವರು ಎದೆಯೊಳಗಿಂದ ಊಂ ಎಂದು ದನಿ ತೆಗೆದರು. ನೋವಾಗಿದೆ ಎಂದುಕೊಂಡು ಇನ್ನಷ್ಟು ಹಗುರಾಗಿ ಕೈ ಆಡಿಸಿದೆ. ಎಡಗಿವಿಯ ಬುಡದಿಂದ ರೇಜರು ಇಳಿಸಿದೆ. ನೊರೆ ಸರಿದ ಕಡೆ ಒಂದು ಗೆರೆ ಕಂಡಿತು.

ನೊರೆಯೇ ಇರಬೇಕೆಂದು ಒರೆಸಿದೆ. ಹೋಗಲಿಲ್ಲ. ಇನ್ನೊಂದು ಪಟ್ಟಿ ತೆಗೆದೆ, ಗೆರೆ ಮುಂದುವರಿದಿತ್ತು. ಕಿವಿಯ ಬುಡದಿಂದ ಗಂಟಲ ಗಂಟಿನ ತನಕ, ಬಿಳಿಯ, ನುಣ್ಣನೆಯ, ಒಂದು ಕೂದಲೂ ಹುಟ್ಟದ ಗೆರೆ. ಅವರು ಉಗುಳು ನುಂಗಿದರು. ಗೆರೆ ಅಲುಗಿತು. ಮುಚ್ಚಿದ ಬಾಯಿಯ ಹಾಗಿತ್ತು ಅದು. ಮೇಲಿನ ಬಾಯಿ ಮಾತು ಕಳೆದುಕೊಂಡಿದೆ, ಇದು ಈಗ ತೆರೆದು ಏನಾದರೂ ಹೇಳಿಬಿಡುತ್ತದೆ ಎಂದು ನನಗೆ ಖರೆಯೇ ಅನಿಸಿತು. ಕೈಯಲ್ಲಿ ರೇಜರು ಹಾಗೇ ನಿಂತಿತು.

ಆಗ ಅವರ ಎಡಗೈ ಮೇಲೆದ್ದು ನನ್ನ ಮಣಿಕಟ್ಟು ಹಿಡಿಯಿತು. ಮಲಗಿದವರ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಎಡಗಣ್ಣು ನನ್ನ ಕಣ್ಣಿನಲ್ಲಿ ನೆಟ್ಟಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವ ಸೊಸೆ ಒಬ್ಬರ ಕಣ್ಣಲ್ಲಿ ಒಬ್ಬರು ನೋಡಿದ್ದು ಹಾಗೆ, ನಡುವೆ ಬ್ಲೇಡು ಇಟ್ಟುಕೊಂಡು. ನಂತರ ಕೈ ಬಿಟ್ಟರು. ಆ ಅಂಗೈಯನ್ನು ಗಂಟಲ ಮೇಲೆ ಮುಚ್ಚಿಕೊಂಡು, ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಸಂಜೆ ಅಂಬಲಿ ಒಯ್ದರೆ ಹಲ್ಲು ಬಿಗಿಹಿಡಿದರು. ಮರುದಿನವೂ ಅಷ್ಟೇ. ಹಾಲು ಬೇಡ, ನೀರೂ ಬೇಡ. ಪೂಜೆಯ ಪಾದೋದಕವನ್ನು ಬೆರಳಿನಿಂದ ತುಟಿಗೆ ಹಚ್ಚಿದರೆ ಮಾತ್ರ ನಾಲಿಗೆ ಬರುತ್ತಿತ್ತು. ಅಷ್ಟಾದರೂ ಶಿವ ಉಳಿಸಿದನಲ್ಲ ಎಂದು ದಿನಕ್ಕೆ ಹತ್ತು ಸಲ ಹಚ್ಚಿದೆ. ಡಾಕ್ಟರು ಬಂದು ನೋಡಿ, "ಹೀಗೇ ಹೊಟ್ಟಿಗಿ ಹೋಗದಿದ್ರ ವಾರ ದಾಟೂದು ಕಷ್ಟ" ಎಂದರು.

ಗಂಡನಿಗೆ ಗೆರೆ ತೋರಿಸಿದೆ. ಅವರ ಮುಖ ಬಿಳಿಚಿತು. "ನನಗೇನು ಗೊತ್ತು? ದಾಡಿ ಇಲ್ಲದ ಅಪ್ಪನ್ನ ನಾ ನೋಡೇ ಇಲ್ಲ." ಆಮೇಲೆ ಹೊಸ್ತಿಲ ಮೇಲೆ ಕೂತು, "ಮಾದೇವಿ, ತಪ್ಪಾತು. ಆ ದಾಡಿ ಘತ್ತರಗಿ ಭಾಗ್ಯವಂತಿಗೆ ಬಿಟ್ಟ ಹರಕಿದು ಅಂತ ಅವ್ವ ಒಮ್ಮೆ ಹೇಳಿದ್ಲು. ಈಗ ನೆಪ್ಪಾತು" ಎಂದರು.

ಈಗ ನೆನಪಾಯಿತಂತೆ! ದೇವಿಯ ಹರಕೆಗೆ ನನ್ನ ಕೈಯಿಂದ ಬ್ಲೇಡು ಹಾಕಿಸಿದ ಪುಣ್ಯಾತ್ಮ ಗಂಡ. ದೇವರ ಮಾಡದಲ್ಲಿ ಕಾಯಿ ಇಟ್ಟು, "ಅವ್ವಾ ಭಾಗ್ಯವಂತಿ, ಇರುವೆ ಬಂದಿದ್ದವು, ನೀನೂ ನೋಡಿದ್ದೀ. ಅವರು ಉಂಡರೆ ಭೀಮಾ ನದಿಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ನಿನ್ನ ಮುಂದೆ ನಿಲ್ಲುತ್ತೇನೆ" ಎಂದು ಬೇಡಿಕೊಂಡೆ. ಮಾವನವರು ಉಣ್ಣಲಿಲ್ಲ.

ಮೂರನೆಯ ದಿನ ಪಕ್ಕದ ಮನೆಯ ಗುರುಬಾಯಿ ಬಂದಳು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವಳಿಗೆ ವಾಸನೆ ಹೋಗುತ್ತಿತ್ತು. ನಾನು ತಡೆಯುವುದರೊಳಗೆ ಮಂಚದ ಆ ಕಡೆಗೆ ಹೋಗಿ ಬಗ್ಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯ ಶಿವನ! ಯಾರೋ ಕುತ್ತಿಗಿ ಕೊಯ್ದಾರಲ್ಲಬೇ!"

"ಹಳೇ ಗಾಯ ಅದು. ಮೆಲ್ಲಕ ಮಾತಾಡು."

"ನೀ ಗಡ್ಡ ಮಾಡಿದ್ದು ರವಿವಾರ. ರವಿವಾರದಿಂದ ಉಂಡಿಲ್ಲ ಅಂತೀ." ಅವಳು ನನ್ನ ಕೈಯನ್ನು ನೋಡಿದಳು. ನಾನೂ ನೋಡಿಕೊಂಡೆ. "ನಿನ್ನ ಮ್ಯಾಲ ನನಗ ಸಂಶೇ ಇಲ್ಲ ತಗೀ. ಆದ್ರ ಮಂದಿ ಬಾಯಿ ಹಿಡಿಯೋರು ಯಾರು? ಒಂದು ಮಾತು ಹೇಳ್ತೇನಿ, ಅಂಜಬ್ಯಾಡ. ಇಂಥಾ ಗಾಯ ಆದಾಂವ ಬದುಕಂಗಿಲ್ಲ. ಇವರು ಒಮ್ಮೆ ಸತ್ತು ಎದ್ದು ಬಂದಾರ. ಅದು ಯಾರೂ ನೋಡಬಾರದಾಗಿತ್ತು. ನೀ ನೋಡಿದಿ, ಅದಕ್ಕ ಹೊಳ್ಳಿ ಹೊಂಟಾರ."

ಅವಳು ಹೋದಮೇಲೆ ಮನೆಯಲ್ಲಿ ನಾನು, ಮಾವನವರು ಇಬ್ಬರೇ. ಗುರುಬಾಯಿಯ ಮಾತು ನಂಬುವವಳಲ್ಲ ನಾನು. ಆದರೆ ಗೋಡೆಗೆ ಮುಖ ಮಾಡಿದ ಅವರ ಉಸಿರು ಸುಂಯ್ ಸುಂಯ್ ಎಂದು ಬರುತ್ತಿತ್ತು, ಮತ್ತು ಅದು ಮೂಗಿನಿಂದ ಬರುತ್ತಿಲ್ಲ, ಗಂಟಲಿನ ಆ ಎರಡನೆಯ ಬಾಯಿಯಿಂದ ಬರುತ್ತಿದೆ ಎಂದು ಅನಿಸಿತು. ಅಡುಗೆ ಮನೆಗೆ ಹೋದೆ, ಅಲ್ಲೂ ಕೇಳಿಸಿತು. ಹಿತ್ತಲಿಗೆ ಹೋದೆ, ಅಲ್ಲೂ ಕೇಳಿಸಿತು. ಕೊನೆಗೆ ವಿಭೂತಿ ತಂದು, ಕಣ್ಣು ಮುಚ್ಚಿ, ಪಂಚಾಕ್ಷರಿ ಹೇಳುತ್ತ ಆ ಗೆರೆಯ ಮೇಲೆ ಹಚ್ಚಿದೆ. ಬೆರಳಿಗೆ ತಣ್ಣಗೆ ಹತ್ತಿತು. ಅವರು ಒಮ್ಮೆ ನಡುಗಿದರು. ಅಂಜಿದವಳು ನಾನೊಬ್ಬಳೇ ಅಲ್ಲ ಎಂದು ಆಗ ನನಗೆ ಹೊಳೆಯಿತು. ನಾನು ಅವರಿಗೆ ಅಂಜಿದ್ದಕ್ಕಿಂತ ಹೆಚ್ಚಾಗಿ ಅವರು ಯಾವುದಕ್ಕೋ ಅಂಜಿದ್ದರು.

ಆ ಮುಖ ಮುಟ್ಟಿದವರು ಇನ್ನು ಒಬ್ಬರೇ ಇದ್ದರು. ಹಳ್ಳಿಯಲ್ಲಿ ಇವರ ಗಡ್ಡ ಮಾಡುತ್ತಿದ್ದ ಸಾಯಬಣ್ಣಕಾಕಾ. (ಹೆಸರು ಬದಲಿಸಿ ಬರೆಯುತ್ತಿದ್ದೇನೆ. ಅವರೂ ಈಗ ಇಲ್ಲ. ಅವರ ಮನೆಯಲ್ಲಿ ಈಗ ಯಾರೂ ಕತ್ತಿ ಹಿಡಿಯುವುದಿಲ್ಲ. ಆದ್ದರಿಂದಲೇ ಬರೆಯುವ ಧೈರ್ಯ.) ವಯಸ್ಸಾದ ಮೇಲೆ ಅವರು ಜೇವರ್ಗಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ ಮಗನ ಹತ್ತಿರ ಹೋಗಿದ್ದರು. ನಮ್ಮ ಮನೆಯವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದರು. ಮರುದಿನ ಹನ್ನೊಂದರ ಬಸ್ಸಿಗೆ ಆ ಮುದುಕ ಬಂದರು. ಬಿಳಿ ರುಮಾಲು, ಕಂಕುಳಲ್ಲಿ ಚರ್ಮದ ಚೀಲ. ಕಾಲು ತೊಳೆದು ಒಳಗೆ ಬಂದು, ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಹೊಕ್ಕು ಮಾವನವರ ಮುಖ ನೋಡಿದರು. ನೋಡಿದವರೇ ಅಲ್ಲೇ ನೆಲಕ್ಕೆ ಕೂತುಬಿಟ್ಟರು.

"ಯಾರು ತೆಗೆದ್ರವ್ವಾ ದಾಡಿ?"

"ನಾನ್ರೀ ಕಾಕಾ. ಇರಿವಿ ಬಂದಿದ್ದವು. ಹರಕಿದು ಅಂತ ಗೊತ್ತಿರಲಿಲ್ಲ."

"ಹರಕಿ ಅಲ್ಲವ್ವಾ ಅದು." ಅವರು ಬಾಗಿಲ ಕಡೆ ನೋಡಿದರು. ನಾನು ಎದ್ದು ಬಾಗಿಲು ಮುಚ್ಚಿ ಬಂದೆ. "ಅದು ನನ್ನ ಕೈದು."

ಮಾವನವರ ಎದೆಯಿಂದ ಊಂ ಎಂದು ದನಿ ಬಂತು. "ಸುಮ್ಮಿರ್ರಿ ಗೌಡ್ರ" ಎಂದರು ಸಾಯಬಣ್ಣಕಾಕಾ. "ನೀವು ಇಷ್ಟ ವರ್ಷ ಸುಮ್ಮಿದ್ದದ್ದು ಸಾಕು. ಈ ತಾಯಿ ಮ್ಯಾಲ ಅಪವಾದ ಬರಬಾರದು.

"ನನಗ ಮೂರ್ಛೆ ಬರ್ತದವ್ವಾ. ಮೂವತ್ತು ವರ್ಷದ ಮ್ಯಾಲಾತು, ಇವರ ಮನಿ ಹಿತ್ತಲದಾಗ ಇವರ ಗಡ್ಡ ಮಾಡಾಕತ್ತಿದ್ದೆ. ಕತ್ತಿ ಗದ್ದದ ಬುಡಕ ಇತ್ತು. ಅಷ್ಟೇ ನೆಪ್ಪು. ಹೊಳ್ಳಿ ಕಣ್ಣು ತೆರೆದಾಗ ನಾ ನೆಲದ ಮ್ಯಾಲ ಬಿದ್ದೇನಿ, ಗೌಡ್ರು ತಮ್ಮ ಧೋತರ ಕುತ್ತಿಗಿಗಿ ಸುತ್ಕೊಂಡು, ನನ್ನ ತಲಿ ತೊಡಿ ಮ್ಯಾಲ ಹಿಡಿದು ಕುಂತಾರ. ಧೋತರ ಪೂರಾ ಕೆಂಪು. ನಾನೇನು ಮಾಡೇನಿ ಅಂತ ಆ ಬಣ್ಣ ನೋಡಿ ತಿಳ್ಕೊಂಡೆ. 'ಸಾಯಬಣ್ಣ, ಏಳು, ಯಾರರೆ ನೋಡ್ಯಾರು' ಅಂದ್ರು."

"ಆಮ್ಯಾಲ?"

"ಆಮ್ಯಾಲ ಏನು, ಅರಿಷಿಣ ಪಟಿಕ ಹಾಕಿ ನಾನೇ ಕಟ್ಟಿದೆ. ಜ್ವರ ಅಂತ ತಿಂಗಳ ತನಾ ಕೌದಿ ಹೊತ್ಕೊಂಡು ಮಲಗಿದ್ರು. ದಾಡಿ ಬಂತು. ಹರಕಿ ಬಿಟ್ಟೇನಿ ಅಂದ್ರು, ಮನ್ಯಾಗೂ ಹಂಗೇ ಹೇಳಿದ್ರು. ಎದ್ದ ದಿನ ಊರ ಕಟ್ಟಿ ಮ್ಯಾಲ ಎಲ್ಲಾರ ಮುಂದ ಕುಂತು ನನ್ನ ಕರೆಸಿದ್ರು. 'ಮಾಡು' ಅಂದ್ರು. ನನ್ನ ಕೈ ಗಡಗಡ ನಡುಗತಿತ್ತು. ಅವರು ಗದ್ದ ಮ್ಯಾಲ ಮಾಡಿ ಕಣ್ಣು ಮುಚ್ಚಿದ್ರು. ಮೂರ್ಛೆ ಬರೋ ಮನಶ್ಯಾಗ ಯಾರು ಕುತ್ತಿಗಿ ಕೊಡತಾರವ್ವಾ? ಅವರು ಕೊಟ್ರು ಅಂತ ಊರು ಕೊಟ್ಟಿತು. ಐದು ಮಕ್ಕಳು ಉಂಡ್ವು."

ಆಮೇಲೂ ಮೂರ್ಛೆ ಬಂದಿತ್ತಂತೆ, ಮನೆಯಲ್ಲಿ, ಹೊಲದಲ್ಲಿ. ಕತ್ತಿ ಹಿಡಿದಾಗ ಮತ್ತೆ ಬರಲಿಲ್ಲವಂತೆ. ಅದು ಶಿವನ ದಯೆಯೇ ಸರಿ, ಇಲ್ಲದಿದ್ದರೆ ಯಾರ ಕುತ್ತಿಗೆ ಏನಾಗುತ್ತಿತ್ತೋ. ಗೌಡರು ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಇವತ್ತಿಗೂ ನನಗೆ ತಿಳಿದಿಲ್ಲ.

"ಗೌಡ್ರ" ಎಂದು ಸಾಯಬಣ್ಣಕಾಕಾ ಮಾವನವರ ಎಡಗೈ ಹಿಡಿದುಕೊಂಡರು. "ನಂದು ಮುಗೀತು. ಮಗ ಅಂಗಡಿ ಇಟ್ಟಾನ. ನೀವು ಉಣ್ರಿ." ಮಾವನವರು ಹಲ್ಲು ಬಿಡಲಿಲ್ಲ. ಕಾಕಾ ನನ್ನ ಕಡೆ ತಿರುಗಿದರು. "ಮೊಮ್ಮಗಳ ನಿಶ್ಚೇ ಆಗೇದವ್ವಾ. ಈ ಮಾತು ಜೇವರ್ಗಿಗಿ ಮುಟ್ಟಿತಂದ್ರ ಮಗನ ಅಂಗಡಿಗಿ ಮಂದಿ ಬರಂಗಿಲ್ಲ, ಮದುವಿನೂ ಮುರೀತದ. ಅದು ಅವರಿಗಿ ಗೊತ್ತದ. ಅದಕ್ಕ ಹೀಂಗ ಮಕ್ಕೊಂಡಾರ. ಗೆರಿ ನೋಡಿದ ಮಂದಿ ಕೇಳತಾರ, ಕೇಳಿದ್ರ ಮಾತು ಹೊರಗ ಬೀಳ್ತದ. ಉಣದ ಹೋಗಿಬಿಟ್ರ ಯಾರೂ ಕೇಳಂಗಿಲ್ಲ ಅಂತ ಅವರ ಲೆಕ್ಕ."

ಹೀಗೂ ಲೆಕ್ಕ ಹಾಕುವವರಿದ್ದಾರೆಯೇ ಎಂದು ನಾನು ಆ ಬೆನ್ನನ್ನೇ ನೋಡುತ್ತ ನಿಂತೆ. ಕೂಸು ಬೇಸಿಗೆ ರಜೆಗೆಂದು ನನ್ನ ತವರಿಗೆ ಹೋಗಿತ್ತು, ಗೋಡೆಗೆ ಹೇಳುವ ಮಾತು ಇದಲ್ಲ. ಅಂಬಲಿಯ ಬಟ್ಟಲು ತೆಗೆದುಕೊಂಡು ಗೋಡೆಯ ಸಂದಿಯಲ್ಲಿ ತೂರಿ, ಅವರ ಮುಖದ ಮುಂದೆ ಕೂತೆ. ಸೆರಗು ಎಳೆದುಕೊಳ್ಳಲಿಲ್ಲ.

"ಮಾವನೋರ" ಎಂದೆ. ಹನ್ನೊಂದು ವರ್ಷದಲ್ಲಿ ಅವರಿಗೆ ಆಡಿದ ಮೊದಲ ಮಾತು ಅದು, ದನಿ ನನ್ನದೇ ಅನಿಸಲಿಲ್ಲ. "ನಾ ಯಾರ ಮುಂದೂ ಹೇಳಂಗಿಲ್ಲ. ನಿಮ್ಮ ಮಗನ ಮುಂದೂ ಹೇಳಂಗಿಲ್ಲ. ದಾಡಿ ಬರೋತನಾ ಕುತ್ತಿಗಿಗಿ ಅರಿವಿ ಸುತ್ತಿ ಇಡ್ತೇನಿ, ಲಕ್ವಾ ಆದೋರಿಗಿ ಗಾಳಿ ತಾಗಬಾರದು ಅಂತ ಡಾಕ್ಟರೇ ಹೇಳ್ಯಾರ, ಅದು ಸುಳ್ಳಲ್ಲ. ಈ ಮನಿ ಒಳಗ ನಿಮ್ಮ ಗಡ್ಡಕ್ಕ ನನ್ನ ಕೈ ಬಿಟ್ಟು ಬ್ಯಾರೆ ಕೈ ಬರಂಗಿಲ್ಲ. ಬಾಯಿ ತಗೀರಿ."

ಎಡಗಣ್ಣು ಬಹಳ ಹೊತ್ತು ನನ್ನನ್ನು ನೋಡಿತು. ಹೊರಗೆ ಬಿಸಿಲು ಗುಂಯ್ ಎನ್ನುತ್ತಿತ್ತು. ಬಾಯಿ ತೆರೆಯಿತು.

ಗುರುಬಾಯಿ ಮತ್ತೆ ಬಂದು, "ಏನಾಗಿತ್ತಂತ?" ಎಂದು ಕೇಳಿದಾಗ, "ಅವರ ಮೈ, ಅವರ ಗಾಯ. ನಾ ಕೇಳಿಲ್ಲ, ನೀನೂ ಕೇಳಬ್ಯಾಡ" ಎಂದೆ. ಎರಡು ತಿಂಗಳು ಅವಳು ನನ್ನ ಹತ್ತಿರ ಮಾತು ಬಿಟ್ಟಳು. ಅದನ್ನೂ ಶಿವನ ದಯೆಯಲ್ಲೇ ಸೇರಿಸಿದ್ದೇನೆ. ಘತ್ತರಗಿಗೆ ಹೋಗಿ ಮಿಂದು ಬಂದೆ. ಹರಕೆ ಮುರಿದಿರಲಿಲ್ಲ ನಿಜ, ಆದರೆ ಮಾತು ಕೊಟ್ಟಾಗಿತ್ತು. ದಾಡಿ ಬಂತು. ಇರುವೆಗೆ ದಿನಕ್ಕೆ ಮೂರು ಸಲ ಬೇವಿನ ನೀರಿನಿಂದ ಒರೆಸಿದೆ. ರವಿವಾರ ಮಧ್ಯಾಹ್ನ ನೊರೆ ಹಚ್ಚಿದರೆ ಎಡಗಣ್ಣು ತಾನಾಗಿ ಮುಚ್ಚುತ್ತಿತ್ತು. ಬಲಗಣ್ಣನ್ನು ನಾನೇ ಬೆರಳಿನಿಂದ ಮುಚ್ಚುತ್ತಿದ್ದೆ.

ಮರುವರ್ಷ ಶ್ರಾವಣ ಮುಗಿದ ಒಂದು ಬೆಳಗಿನ ಜಾವ ಅವರು ಹೋದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಗೋಡೆಗೆ ಆನಿಸಿ, ಎದೆಗೆ ಪಟ್ಟಿ ಕಟ್ಟಿ ಕೂಡಿಸುತ್ತೇವೆ. ನೋಡಿದವರಿಗೆ ಪೂಜೆಗೆ ಕೂತಂತೆ ಕಾಣುತ್ತದೆ. "ಮುಖ ಛಂದ ಮಾಡಿಸಿ ಕೂಡಿಸ್ರಿ, ದಾಡಿ ತೆಗೆಸಿಬಿಡ್ರಿ" ಎಂದರು ಹಳ್ಳಿಯಿಂದ ಬಂದ ಹಿರಿಯರು. "ದಾಡಿ ಇರ್ತದ್ರಿ. ಕೆನ್ನಿಗಷ್ಟೇ ಸಾಯಬಣ್ಣಕಾಕಾ ಬರ್ತಾರ" ಎಂದೆ. ಸೊಸೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಎಲ್ಲರೂ ನನ್ನನ್ನೇ ನೋಡಿದರು. ನಮ್ಮ ಮನೆಯವರು, "ಆಕಿ ಹೇಳಿದಂಗ ಆಗ್ಲಿ" ಎಂದರು.

ಬೆಳಗಿನ ಮೊದಲ ಬಸ್ಸಿಗೆ ಹೇಳಿಕಳಿಸಿದ್ದೆವು, ಮಧ್ಯಾಹ್ನದ ಬಸ್ಸಿಗೆ ಕಾಕಾ ಬಂದರು. ಒಂದು ವರ್ಷದಲ್ಲಿ ಹತ್ತು ವರ್ಷದ ಮುಪ್ಪು ಬಂದಿತ್ತು. "ಕದ ಹಾಕ್ರಿ. ತಲಿ ಹಿಡಿಯಾಕ ಈ ತಾಯಿ ಒಬ್ರೇ ಸಾಕು" ಎಂದರು. ಅಂಗಳದಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಒಳಗೆ ಕೂತ ಮಾವನವರು, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ ನಾನು, ಮುಂದೆ ಕತ್ತಿ ಬಿಚ್ಚಿದ ಕಾಕಾ. ತಣ್ಣಗಿನ ಚರ್ಮದ ಮೇಲೆ ನೊರೆ ಆರುವುದೇ ಇಲ್ಲ, ಅದು ಅವತ್ತು ನನಗೆ ಗೊತ್ತಾಯಿತು. ಎಡಗೆನ್ನೆ ಮುಗಿಯಿತು. ಬಲಗೆನ್ನೆಗೆ ಕತ್ತಿ ಇಟ್ಟು ಕಾಕಾ ಮೂಗೇರಿಸಿದರು.

"ಬೆಲ್ಲ ಸುಟ್ಟ ವಾಸನಿ ಬರಾಕತ್ತದಲ್ಲವ್ವಾ. ಒಲಿ ಮ್ಯಾಲ ಏನಿಟ್ಟೀರಿ?"

ಸಾವಿನ ಮನೆ. ಒಲೆ ಹಚ್ಚಿರಲಿಲ್ಲ. ಯಾವ ವಾಸನೆಯೂ ಇರಲಿಲ್ಲ.

ನಾನು ಅವರ ಮುಖ ನೋಡಿದೆ. ಕಣ್ಣು ಗೋಡೆಯ ಮೇಲೆ ಎಲ್ಲೋ ನಿಂತುಬಿಟ್ಟಿದ್ದವು, ಮೂರ್ಛೆ ಬಂದಿತ್ತು. ಕತ್ತಿ ಮಾತ್ರ ತಾನಾಗಿ ಕೆನ್ನೆಯಿಂದ ಗಂಟಲ ಕಡೆಗೆ ಇಳಿಯುತ್ತಿತ್ತು. ಮಾವನವರ ತಲೆ ಬಿಟ್ಟು, ಎರಡೂ ಕೈಯಿಂದ ಆ ಮಣಿಕಟ್ಟು ಹಿಡಿದೆ. ಅದು ಹಗ್ಗಕ್ಕೆ ಕಟ್ಟಿದ ಕರುವಿನ ಹಾಗೆ ಎಳೆದಾಡಿತು. ಬಿಟ್ಟ ತಲೆ ಜಾರಿ ನನ್ನ ಹೆಗಲ ಮೇಲೆ ಬಂದು ಕೂತಿತು. ಸತ್ತವರ ಕೆನ್ನೆ ನನ್ನ ಕಿವಿಗೆ, ಬದುಕಿದವರ ಕೈ ನನ್ನ ಮುಷ್ಟಿಯಲ್ಲಿ. ಒಂದು ಅಲುಗುತ್ತಿಲ್ಲ, ಇನ್ನೊಂದು ನಿಲ್ಲುತ್ತಿಲ್ಲ. ಕೂಗಿದರೆ ಎಲ್ಲರೂ ಬರುತ್ತಾರೆ. ನಾನು ಕೂಗಲಿಲ್ಲ. ಬೆರಳು ಒಂದೊಂದೇ ಬಿಡಿಸಿ ಕತ್ತಿ ತೆಗೆದುಕೊಂಡೆ. ಹೆಗಲಿನ ತಲೆಯನ್ನು ಗೋಡೆಗೆ ಆನಿಸಿದೆ. ಕಾಕಾನನ್ನು ಮೆಲ್ಲಗೆ ಮಗ್ಗುಲಾಗಿ ಮಲಗಿಸಿ, ತಲೆಯ ಬುಡಕ್ಕೆ ಅವರದೇ ರುಮಾಲು ಇಟ್ಟೆ. ಹೊರಗೆ ತಾಳ ನಿಲ್ಲಲಿಲ್ಲ.

ಅವರ ಮೈ ಶಾಂತವಾಗುವ ತನಕ ಕಾದು ಕೂರಲು ಸಮಯವಿರಲಿಲ್ಲ. ಬಾಗಿಲು ಯಾವಾಗ ಬಡಿದಾರೋ. ರೇಜರು ಬಿಟ್ಟು ಬೇರೆ ಕತ್ತಿ ಹಿಡಿದವಳಲ್ಲ ನಾನು. ಶಿವನ ಹೆಸರು ಹೇಳಿ ಬಲಗೆನ್ನೆ ಮುಗಿಸಿದೆ. ಗಂಟಲ ಮೇಲಿನ ದಾಡಿ ಬಾಚಿ ಸರಿಮಾಡಿದೆ. ಕತ್ತಿ ತೊಳೆದು ಕಾಕಾನ ಅಂಗೈಯಲ್ಲಿ ಇಟ್ಟೆ.

ಒಂದು ಭಜನೆ ಮುಗಿದು ಇನ್ನೊಂದು ಶುರುವಾದಾಗ ಅವರು ಕಣ್ಣು ಬಿಟ್ಟರು. ಎದ್ದು ಕೂತು ಮೊದಲು ಕತ್ತಿ ನೋಡಿದರು, ಆಮೇಲೆ ಮಾವನವರ ಗಂಟಲು ನೋಡಿದರು. ಬೆರಳಿನ ಹಿಂಬದಿಯಿಂದ ಎರಡೂ ಕೆನ್ನೆ ಮುಟ್ಟಿ ನೋಡಿದರು. ಬಾಯಿ ಒಣಗಿತ್ತು, ನೀರು ಕೊಟ್ಟೆ.

"ದಣದಿದ್ರಿ ಕಾಕಾ, ಮುಗಿಸಿ ಅಲ್ಲೇ ಒರಗಿದ್ರಿ" ಎಂದೆ.

ಮಣ್ಣು ಮಾಡಿ ಬಂದಮೇಲೆ ಸಂಜೆಯ ಬಸ್ಸಿಗೆ ಹೊರಟವರು ಬಾಗಿಲಲ್ಲಿ ನಿಂತು ನನ್ನನ್ನು ಹತ್ತಿರ ಕರೆದರು. ಕಣ್ಣು ತುಂಬಿದ್ದವು, ಆದರೆ ಮುಖದಲ್ಲಿ ಮದುವಣಿಗನ ಗೆಲುವು.

"ಅಂಜಿಕೋತ ಬಂದಿದ್ದೆವ್ವಾ. ಕಡೀ ಹಜಾಮತಿಗಿ ನನ್ನ ಕೈ ನಡುಗಲಿಲ್ಲ ನೋಡ್ರಿ."

"ಇಲ್ಲ ಕಾಕಾ" ಎಂದೆ. "ಒಂದು ಸಲಾನೂ ನಡುಗಲಿಲ್ಲ."